ಮೇಲುಕೋಟೆಯ ಬಿಸಿಲು, ವ್ಯಾನಿನ ನೆತ್ತಿಯ ಫ್ಯಾನು!

ಮೇಲುಕೋಟೆ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಪುಳಿಯೋಗರೆ? ವೈರಮುಡಿ ಉತ್ಸವ? ರಾಯಗೋಪುರದ ಕಂಬಗಳ ನಡುವೆ ಸೆರಗು ಹಾರಿಸುತ್ತಾ ಓಡುವ ನಾಯಕಿ? ನನಗೂ ಹಾಗೇ ಇತ್ತು. ಆದರೆ 2025ರ ಏಪ್ರಿಲ್ ಕೊನೆಯ ವಾರದಿಂದ ಈಚೆಗೆ ಮೇಲುಕೋಟೆ ಅಂದರೆ ನನ್ನ ಕಣ್ಣ ಮುಂದೆ ಬಂದು ನಿಲ್ಲುವುದು 14 ಅಂಗುಲ ಅಗಲ, 14 ಅಂಗುಲ ಉದ್ದದ ಒಂದು ಚೌಕ ತೂತು! ನಗಬೇಡಿ. ಆ ತೂತಿನ ಕತೆಯನ್ನೇ ಹೇಳಲು ಹೊರಟಿದ್ದೇನೆ.

ಹೊರಾಂಗಣ ಚಿತ್ರೀಕರಣದ ವರದಿಗೆ ಹೊರಟಿದ್ದೆ. ಬಸ್ಸಿನ ಕಾಸು ಉಳಿಯಲಿ ಎಂದು ಮೇಕಪ್ ವ್ಯಾನಿನಲ್ಲೇ ಜಾಗ ಗಿಟ್ಟಿಸಿಕೊಂಡೆ. ಹೀರೋನ ಹೊಸ ವ್ಯಾನ್ ಅಲ್ಲ ಸ್ವಾಮಿ, ಅದರ ಹತ್ತಿರ ನಮ್ಮಂಥವರನ್ನು ಸೇರಿಸುತ್ತಾರೆಯೇ? ಇದು ಎರಡನೇ ವ್ಯಾನು. ಹಳೇ ಬಸ್ಸಿನ ಮೈಗೆ ಒಳಗೆ ಪ್ಲೈವುಡ್ ಹೊಡೆದು, ಕನ್ನಡಿ ಕೂರಿಸಿ, ಮೂಲೆಯಲ್ಲಿ ಒಂದು ಕಕ್ಕಸು ಮಾಡಿ, ಎರಡು ಕೋಣೆಯಾಗಿ ಸೀಳಿದ ಗಾಡಿ. ಹದಿನೈದು ವರ್ಷದ ಮುದುಕ. ಅದರ ಡ್ರೈವರಣ್ಣ ಮದ್ದೂರು ಕಡೆಯವನು. ಸ್ಟಿಯರಿಂಗ್ ಮುಂದೆ ಒಂದು ಅಣ್ಣಾವ್ರ ಪಟ, ಪಕ್ಕದಲ್ಲಿ ಮಗಳ ಫೋಟೊ.

ಎಕ್ಸ್‌ಪ್ರೆಸ್ ರಸ್ತೆ 2023ರಲ್ಲಿ ಉದ್ಘಾಟನೆಯಾದ ಮೇಲೆ ಬೆಂಗಳೂರಿನಿಂದ ಮೈಸೂರಿಗೆ ಹೋಗುವವರು ಊರುಗಳನ್ನೇ ನೋಡುವುದಿಲ್ಲ. ನಮ್ಮ ಡ್ರೈವರಣ್ಣ ಮಾತ್ರ ಟೋಲು ಉಳಿಸಲು ಹಳೇ ರಸ್ತೆಗೇ ಇಳಿದ. ನನಗೆ ಅದೇ ಲಾಭವಾಯಿತು. ರಾಮನಗರದ ಕಲ್ಲುಗುಡ್ಡಗಳು ಬೆಳಗಿನ ಬೆಳಕಿಗೆ ಕೆಂಪಗೆ ಎದ್ದು ನಿಂತವು. 1973ರಿಂದ ವರ್ಷಗಟ್ಟಲೆ ‘ಶೋಲೆ’ ತಂಡ ಬೀಡುಬಿಟ್ಟಿದ್ದ ಗುಡ್ಡಗಳು! 1975ರಲ್ಲಿ ಚಿತ್ರ ತೆರೆಗೆ ಬಂತು. ಗಬ್ಬರ್‌ನ ಹೆಜ್ಜೆ ಸದ್ದು ಇನ್ನೂ ಆ ಬಂಡೆಗಳಲ್ಲಿದೆ. ಮದ್ದೂರಿನಲ್ಲಿ ಬಿಸಿ ವಡೆ. ಮಂಡ್ಯ ದಾಟಿ, ಪಾಂಡವಪುರ ದಾಟಿ, ಜಕ್ಕನಹಳ್ಳಿಯಲ್ಲಿ ಎಡಕ್ಕೆ ಹೊರಳಿದರೆ ಬೆಟ್ಟದ ಮೇಲೆ ಯೋಗಾನರಸಿಂಹನ ಗುಡಿ ಕೈಬೀಸಿ ಕರೆಯುತ್ತದೆ.

ಏರು ಹತ್ತುವಾಗ ಡ್ರೈವರಣ್ಣ ಮೆಲ್ಲಗೆ ಬಾಯಿ ಬಿಟ್ಟ: “ಅಣ್ಣೋ, ಒಂದ್ ಇಸ್ಯ. ಹಿಂದಿನ ರೂಮ್ನಾಗೆ ಸೂರಿನ ಫ್ಯಾನ್ ನಿಂತೋಗೈತೆ. ಯಾರಿಗೂ ಹೇಳ್ಬ್ಯಾಡ.”

“ಎ.ಸಿ. ಇದೆಯಲ್ಲ?” ಅಂದೆ.

ಅವನು ನಕ್ಕ. ಆ ನಗುವಿನ ಅರ್ಥ ನನಗೆ ಮಧ್ಯಾಹ್ನ ಆಯಿತು!

ಬೆಳ್ಳಿತೆರೆಯ ಹಿಂದಿನ ಬೆವರು

ಮೇಲುಕೋಟೆ ಚಿತ್ರದವರ ಪಾಲಿಗೆ ದೇವರು ಕೊಟ್ಟ ಸೆಟ್ಟು. ಅಕ್ಕ-ತಂಗಿ ಕೊಳ, ಕಲ್ಯಾಣಿಯ ಮೆಟ್ಟಿಲುಗಳು, ಒಂದೇ ರಾತ್ರಿಯಲ್ಲಿ ಕಟ್ಟಲು ಹೊರಟು ಬೆಳಗಾಯಿತೆಂದು ಬಿಟ್ಟರು ಎಂದು ಊರವರು ಕತೆ ಹೇಳುವ ರಾಯಗೋಪುರ. ಒಂದು ಮೊಳೆ ಹೊಡೆಯದೆ ಕ್ಯಾಮರಾ ಇಡಬಹುದು. 2007ರ ಹಿಂದಿ ‘ಗುರು’ ಚಿತ್ರದ ಮಳೆ ಹಾಡಿಗೆ ಐಶ್ವರ್ಯಾ ರೈ ಕುಣಿದದ್ದು ಇಲ್ಲಿಯೂ ಹೌದು. ಕವಿ ಪು.ತಿ.ನ. 1905ರಲ್ಲಿ ಹುಟ್ಟಿದ ಊರು ಇದು. ಇನ್ನೊಂದು ಮಾತು, ಗೊತ್ತಿಲ್ಲದವರು ಕಿವಿಗೊಟ್ಟು ಕೇಳಿ: 1964ರಲ್ಲಿ ಬಿ.ಆರ್. ಪಂತುಲು ಅವರ ‘ಚಿನ್ನದ ಗೊಂಬೆ’ಯಲ್ಲಿ ನಾಯಕಿಯಾಗಿ, ಮುಂದೆ ತಮಿಳುನಾಡನ್ನೇ ಆಳಿದ ಜಯಲಲಿತಾ ಹುಟ್ಟಿದ್ದೂ ಇದೇ ಮೇಲುಕೋಟೆಯಲ್ಲಿ, 1948ರಲ್ಲಿ!

ಆ ಕಾಲದ ತಾರೆಯರಿಗೆ ವ್ಯಾನು ಎಲ್ಲಿತ್ತು? ಮರದ ಮರೆ, ಬಂಡೆಯ ಮರೆ, ಇಬ್ಬರು ಹೆಂಗಸರು ಹಿಡಿದ ಸೀರೆಯ ಮರೆ. ಅಷ್ಟೇ ಬಣ್ಣದ ಮನೆ. ನಮ್ಮ ದೇಶದ ಚಿತ್ರರಂಗಕ್ಕೆ ಈ ವ್ಯಾನಿನ ರೂಢಿ ಹಾಕಿಕೊಟ್ಟವರು ಹಿಂದಿ ತಾರೆ ಪೂನಂ ಧಿಲ್ಲೋನ್, 1990ರ ದಶಕದಲ್ಲಿ. ‘ವ್ಯಾನಿಟಿ ವ್ಯಾನ್’ ಅಂತ ಹೆಸರು. ಹೆಸರಿನಲ್ಲಿ ಒಯ್ಯಾರ ಇದೆ, ನಿಜ. ಆದರೆ ಹೆಣ್ಣುಮಕ್ಕಳಿಗೆ ಅದು ಒಯ್ಯಾರವಲ್ಲ. ಕೇರಳದ ಹೇಮಾ ಸಮಿತಿಯ ವರದಿ 2024ರ ಆಗಸ್ಟ್‌ನಲ್ಲಿ ಹೊರಬಂದಾಗ ಎಲ್ಲರೂ ದೊಡ್ಡ ಹೆಸರುಗಳನ್ನು ಹುಡುಕಿದರು. ಅದರೊಳಗೇ ಇದ್ದ ಇನ್ನೊಂದು ಮಾತನ್ನು ಎಷ್ಟು ಜನ ಓದಿದರೋ! ಶೂಟಿಂಗ್ ಜಾಗದಲ್ಲಿ ಕಕ್ಕಸಿಲ್ಲದೆ, ಬಟ್ಟೆ ಬದಲಿಸಲು ಮರೆಯಿಲ್ಲದೆ, ನೀರು ಕುಡಿಯುವುದನ್ನೇ ಬಿಡುವ ಕಲಾವಿದೆಯರ ಮಾತು ಅದು.

ನಮ್ಮ ಎರಡನೇ ವ್ಯಾನಿನ ಹಿಂದಿನ ಕೋಣೆ ಅಂಥವರಿಗೇ ಮೀಸಲು. ತಾಯಿ ಪಾತ್ರದ ಹಿರಿಯ ಕಲಾವಿದೆ ಒಬ್ಬರು (ಎಲ್ಲರೂ ಅವರನ್ನು ‘ಅಮ್ಮ’ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ) ಮತ್ತು ಹನ್ನೆರಡು ಮಂದಿ ಸಹನರ್ತಕಿಯರು. ಎ.ಸಿ. ಏನೋ ಇತ್ತು. ಆದರೆ ಅದಕ್ಕೆ ಜನರೇಟರ್ ಬೇಕು. ಸ್ಥಳದಲ್ಲೇ ಧ್ವನಿ ಹಿಡಿಯುವ ಚಿತ್ರ ಅದು, ಶಾಟ್ ಶುರುವಾದರೆ “ಜನರೇಟರ್ ಆಫ್!” ಎಂದು ಕೂಗು. ಶಾಟ್ ಇಲ್ಲದಾಗ ಡೀಸೆಲ್ ಉಳಿಸಲು ಮ್ಯಾನೇಜರ್ ಸಾಹೇಬರೇ ಆಫ್! ಬ್ಯಾಟರಿಯಿಂದ ಓಡುವ ಸೂರಿನ ಫ್ಯಾನೊಂದೇ ಆ ಕೋಣೆಗೆ ಉಸಿರು. ಅದೂ ನಿಂತಿತ್ತು.

ಮಧ್ಯಾಹ್ನ ಒಂದು ಗಂಟೆಗೆ ಅಮ್ಮ ರೇಷ್ಮೆ ಸೀರೆ, ನರೆಗೂದಲ ಟೋಪನ್ ಸಮೇತ ವ್ಯಾನಿನ ಮೆಟ್ಟಿಲಿನ ಮೇಲೆ ಕುಸಿದು ಕೂತುಬಿಟ್ಟರು. ಹುಡುಗಿಯರು ಓಡಿಬಂದು ನೀರು ಚಿಮುಕಿಸಿದರು, ಮಜ್ಜಿಗೆ ಕುಡಿಸಿದರು. ನಾನು ಒಳಗೆ ತಲೆ ಹಾಕಿದೆ. ಅಬ್ಬಾ! ರೊಟ್ಟಿ ಸುಡುವ ಬೇಕರಿ ಒಲೆಯೊಳಗೆ ಮುಖವಿಟ್ಟ ಹಾಗಾಯಿತು.

ಮ್ಯಾನೇಜರ್ ಬಂದರು. ಡ್ರೈವರಣ್ಣನ ಗುಟ್ಟು ಬಯಲಾಯಿತು. “ನಾಳೆ ಬೆಳಗ್ಗೆ ಗಾಡಿ ವಾಪಸ್. ಬಾಡಿಗೆ ಕಟ್. ಹೆಂಗಸರು ಛತ್ರದಲ್ಲಿ ಬಟ್ಟೆ ಬದಲಾಯಿಸಲಿ.” ಛತ್ರ ಅರ್ಧ ಮೈಲು ದೂರ. ಶಾಟಿನ ನಡುವೆ ಅಷ್ಟು ದೂರ ಹೋಗಿ ಬರಲಾದೀತೇ? ಮತ್ತೆ ಅದೇ ಬಂಡೆ, ಅದೇ ಸೀರೆಯ ಮರೆ. ವ್ಯಾನಿನ ಮಾಲೀಕರು ಫೋನಿನಲ್ಲಿ ಗುಡುಗಿದರು: “ಹೊಸ ಫ್ಯಾನ್ ಹೊರದೇಶದ್ದು. ಇಪ್ಪತ್ತು ಸಾವಿರದ ಮೇಲೆ. ನಿನ್ನ ಸಂಬಳದಲ್ಲಿ ಹಿಡೀತೀನಿ.”

ಡ್ರೈವರಣ್ಣ ಫೋನು ಜೇಬಿಗಿಟ್ಟು ನನ್ನ ಮುಖ ನೋಡಿದ. “ಮಗಳ ಕಾಲೇಜ್ ಫೀಜು ಜೂನ್‌ನಾಗೆ ಕಟ್ಬೇಕಣ್ಣ” ಅಂದ. ಅಷ್ಟೇ.

ಪಾಂಡವಪುರದ ಕರೆಂಟ್ ಮೇಷ್ಟ್ರು

ಊರಿನಲ್ಲಿ ವಿಚಾರಿಸಿದೆವು. ಪಾಂಡವಪುರದಲ್ಲಿ ಲಾರಿ, ಟ್ರ್ಯಾಕ್ಟರ್ ವೈರಿಂಗ್ ಮಾಡುವ ಹಿರಿಯರೊಬ್ಬರಿದ್ದಾರೆ, ‘ಕರೆಂಟ್ ಮೇಷ್ಟ್ರು’ ಅಂದರೆ ಯಾರಾದರೂ ತೋರಿಸುತ್ತಾರೆ ಅಂದರು. ಲೈಟ್ ಬಾಯ್ ಒಬ್ಬನ ಬೈಕಿನಲ್ಲಿ ಹೋಗಿ ಕೈಮುಗಿದೆ. ಮೇಷ್ಟ್ರು ಅರವತ್ತು ದಾಟಿದವರು. “ಸಿನಿಮಾದೋರಾ? ದುಡ್ಡು ಕೊಡ್ತಾರಾ?” ಎಂಬುದು ಮೊದಲ ಪ್ರಶ್ನೆ. ಕಲಾವಿದೆ ಅಮ್ಮನ ಹೆಸರು ಹೇಳಿದೆ. ಮೇಷ್ಟ್ರು ತಟ್ಟನೆ ಎದ್ದರು. “ಆಯಮ್ಮನ ಪಿಚ್ಚರ್ ನೋಡಿ ಅತ್ತಿದ್ದೆ ಕಣಪ್ಪ ನಾನು. ನಡಿ!” ಟಿವಿಎಸ್ ಮೊಪೆಡ್ಡಿಗೆ ಪೆಟ್ಟಿಗೆ ಕಟ್ಟಿದರು.

ಅವರು ಬಂದಾಗ ಇಳಿಹೊತ್ತು. ಸೂರು ಇನ್ನೂ ಸುಡುತ್ತಿತ್ತು. ಒದ್ದೆ ಗೋಣಿಚೀಲ ಹಾಸಿ, ಅದರ ಮೇಲೆ ಹಲಗೆ ಇಟ್ಟರು. “ರಿವಿಟ್ ಸಾಲು ಕಾಣ್ತದಲ್ಲ, ಅಲ್ಲೇ ಕಾಲಿಡು. ಒಳಗೆ ಪಟ್ಟಿ ಐತೆ. ನಡುವೆ ಕಾಲಿಟ್ಟೆ, ಸೀದಾ ಅಮ್ಮಾವ್ರ ಕನ್ನಡಿ ಮುಂದೆ ಇಳೀತೀಯ!”

ಮಿತ್ರರೇ, ಈ ಸೂರಿನ ಫ್ಯಾನು ಅಮೆರಿಕದಲ್ಲಿ ಮನೆಯಂಥ ಗಾಡಿ ಕಟ್ಟಿಕೊಂಡು ಊರೂರು ತಿರುಗುವವರಿಗಾಗಿ ಬೆಳೆದ ಸಾಮಾನು. ಅಲ್ಲಿನ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಊರು ಅಂಥ ಗಾಡಿಗಳ ತವರು. ಅಲ್ಲಿ ಯಾವ ಗಾಡಿ ಕಟ್ಟಿದರೂ ಸೂರಿನ ತೂತು ಹೆಚ್ಚಾಗಿ 14 ಅಂಗುಲದ ಚೌಕವೇ. ಹಳೆಯದು ಕೆಟ್ಟರೆ ಹೊಸದು ಸಲೀಸಾಗಿ ಕೂರಬೇಕಲ್ಲ! ಮೇಲೆ ಮುಚ್ಚಳ, ನಡುವೆ ರೆಕ್ಕೆ, ಕೆಳಗೆ ಸೊಳ್ಳೆ ಪರದೆ. ಬಿಸಿಗಾಳಿ ಮೇಲೇರುವುದು ಅದರ ಗುಣ; ಫ್ಯಾನು ಅದನ್ನು ನೆತ್ತಿಯಿಂದ ಹೊರಕ್ಕೆ ಹೀರಿ ಬಿಸಾಡುತ್ತದೆ. ಕೆಳಗಿನ ಕಿಟಕಿಯಿಂದ ಹೊಸ ಗಾಳಿ ಬರುತ್ತದೆ.

ಮೇಷ್ಟ್ರು ಮೊದಲು ಮುಟ್ಟಿದ್ದು ಫ್ಯಾನನ್ನಲ್ಲ, ಫ್ಯೂಸನ್ನು. ಫ್ಯೂಸ್ ಇರಬೇಕಾದ ಜಾಗದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿತ್ತು! “ನೋಡ್ದಾ? ಕಳ್ಳ ಇಲ್ಲೇ ಹೆಜ್ಜೆ ಬಿಟ್ಟವ್ನೆ. ಫ್ಯೂಸ್ ಮ್ಯಾಲ್ ಫ್ಯೂಸ್ ಹೋಗಿರ್ತದೆ. ಯಾಕೆ ಹೋಗ್ತದೆ ಅಂತ ಕೇಳೋದು ಬುಟ್ಟು ತಂತಿ ಸುತ್ತವ್ರೆ.”

ಫ್ಯಾನಿನ ಎರಡು ತಂತಿಗೆ ಮೀಟರ್ ಹಿಡಿದರು. ಮುಳ್ಳು 25ರ ಹತ್ತಿರ ನಿಂತಿತು. ಮೋಟಾರಿನ ಮೈಮೇಲಿನ ಚೀಟಿ ಉಜ್ಜಿ ತೋರಿಸಿದರು: 12 ವೋಲ್ಟ್.

ಗುಟ್ಟು ಅಲ್ಲಿತ್ತು! ಕಾರು, ಜೀಪುಗಳಿಗೆ 12 ವೋಲ್ಟ್ ಬ್ಯಾಟರಿ. ದೊಡ್ಡ ಬಸ್ಸು, ಲಾರಿಗಳಿಗೆ ಎರಡು ಬ್ಯಾಟರಿ ಸಾಲಾಗಿ ಜೋಡಿಸಿ 24 ವೋಲ್ಟ್. ವ್ಯಾನು ಕಟ್ಟಿದವರು ಮೊದಲು 24ನ್ನು 12ಕ್ಕೆ ಇಳಿಸುವ ಡಬ್ಬ ಇಟ್ಟಿದ್ದರಂತೆ. ನಾಲ್ಕು ವರ್ಷದ ಹಿಂದೆ ಅದು ಸುಟ್ಟಾಗ, ಯಾವುದೋ ಶೆಡ್ಡಿನಲ್ಲಿ ಡಬ್ಬ ಕಿತ್ತು ತಂತಿಯನ್ನು ನೇರ ಕೊಟ್ಟುಬಿಟ್ಟಿದ್ದರು. ಡ್ರೈವರಣ್ಣನಿಗೆ ಆಗ ನೆನಪಾಯಿತು: “ಆವತ್ತಿಂದ ಫ್ಯಾನ್ ಏನ್ ಜೋರಾಗಿ ತಿರುಗ್ತಿತ್ತು ಅಂತೀರ!”

“ತಿರುಗ್ದೆ ಏನು? ಒಂದು ಮುದ್ದೆ ಉಣ್ಣೋನಿಗೆ ಎರಡು ಮುದ್ದೆ ತುರುಕಿದ್ರೆ ಮೊದ್ಲು ಕುಣೀತಾನೆ, ಆಮ್ಯಾಲೆ ಮಲಗ್ತಾನೆ” ಅಂದರು ಮೇಷ್ಟ್ರು. ಮೋಟಾರು ಬಿಚ್ಚಿ ಮೂಗಿಗೆ ಹಿಡಿದರು. ಸುಟ್ಟ ವಾಸನೆ. ಒಳಗಿನ ಸುರುಳಿ ಕಪ್ಪಗಾಗಿತ್ತು. “ಇದು ಸತ್ತೈತೆ. ಇದಕ್ಕೆ ಎಣ್ಣೆ ಬುಟ್ಟು ಪ್ರಯೋಜನ ಇಲ್ಲ.”

ನಾನು ಬುದ್ಧಿವಂತನ ಹಾಗೆ ಒಂದು ಮಾತು ಹೇಳಿದೆ: “ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ ತಂತಿ ಎಳೆದರೆ 12 ಸಿಗುತ್ತಲ್ಲ ಮೇಷ್ಟ್ರೇ?”

“ಸಿಗ್ತದೆ. ಏನ್ ಓದಿದ್ದೀಯ?”

“ಪಿ.ಯು.ಸಿ. ಅರ್ಧ.”

“ಮಿಕ್ಕ ಅರ್ಧದಾಗೆ ಇದರ ಪಾಠ ಇತ್ತು. ಒಂದೇ ಬ್ಯಾಟರಿ ಹಾಲು ಕರೀತಾ ಹೋದ್ರೆ ಅದು ಸೊರಗ್ತದೆ. ಚಾರ್ಜು ಎರಡಕ್ಕೂ ಒಟ್ಟಿಗೇ ಹೋಗೋದು. ಇನ್ನೊಂದಕ್ಕೆ ಹೆಚ್ಚಾಗಿ ಕುದೀತದೆ. ಆರು ತಿಂಗಳಿಗೆ ಎರಡೂ ಹಾಳು.”

ನನ್ನ ಮುಖ ಸಣ್ಣಗಾಯಿತು. ಆ ಪಾಠದ ದಿನಗಳಲ್ಲಿ ನಾನು ಮ್ಯಾಟಿನಿ ಶೋನಲ್ಲಿ ಇದ್ದೆ ಎಂದು ಬೇರೆ ಹೇಳಬೇಕೇ?

ಕಾರಿನ ಮೋಟಾರು, ಅಡುಗೆಯವರ ಟ್ರೇ!

ಮರುದಿನ ಬೆಳಗ್ಗೆ ಹತ್ತರವರೆಗೆ ಮ್ಯಾನೇಜರ್ ಗಡುವು ಕೊಟ್ಟರು. ಅಮ್ಮ ಹೋಗಿ ಕೇಳಿಕೊಂಡದ್ದಕ್ಕೆ ಅಷ್ಟಾದರೂ ಸಿಕ್ಕಿತು. ಮೇಷ್ಟ್ರು ಐದೂವರೆಗೇ ಹಾಜರ್. ಚೀಲದಲ್ಲಿ ಹಳೇ ಕಾರೊಂದರ ಎ.ಸಿ. ಬ್ಲೋವರ್ ಮೋಟಾರು, ಗುಜರಿಯಿಂದ ಆರಿಸಿದ್ದು, 12 ವೋಲ್ಟಿನದು. ಜೊತೆಗೆ ಲಾರಿಯವರು ಟೇಪ್‌ರೆಕಾರ್ಡರಿಗೆ ಹಾಕಿಸಿಕೊಳ್ಳುವ, 24ನ್ನು 12ಕ್ಕೆ ಇಳಿಸುವ ಹೊಸ ಡಬ್ಬ.

ಮೊದಲು ಬ್ಯಾಟರಿಯ ತಂತಿ ಕಳಚಿದರು. “ಮೊದ್ಲು ಇದು, ಆಮ್ಯಾಲೆ ಬೇರೆ ಮಾತು.” ಹಳೇ ರೆಕ್ಕೆ ಹೊಸ ಮೋಟಾರಿನ ಕಡ್ಡಿಗೆ ಸರಿಯಾಗಿ ಕೂರುತ್ತದೆಯೇ ಎಂದು ಅಳೆದರು. ಕೂತಿತು. ಆದರೆ ಮೋಟಾರು ಒಂದಿಷ್ಟು ಗಿಡ್ಡ; ರೆಕ್ಕೆ ಚೌಕಟ್ಟಿಗೆ ತಾಗುತ್ತಿತ್ತು. ಎರಡೆರಡು ವಾಷರ್ ಕೊಟ್ಟು ಎತ್ತರಿಸಿ, ಕೈಯಲ್ಲೇ ಮೆಲ್ಲಗೆ ಹತ್ತು ಸುತ್ತು ತಿರುಗಿಸಿ ನೋಡಿದರು. ತಂತಿಯ ದಾರಿಯಲ್ಲಿ 5 ಆಂಪಿಯರ್ ಫ್ಯೂಸ್. “ಇದು ಸುಟ್ರೆ ಇನ್ನೊಂದು ಐದರದ್ದೇ ಹಾಕು. ಎರಡನೇದೂ ಸುಟ್ರೆ ನನಗೆ ಫೋನ್ ಹಾಕು. ತಂತಿ ಸುತ್ತಿದ್ದು ಕಂಡ್ರೆ ನಿನ್ನನ್ನೇ ಸುತ್ತೇನು!” ಎಂದು ಡ್ರೈವರಣ್ಣನಿಗೆ ತಾಕೀತು.

ಸ್ವಿಚ್ ಒತ್ತಿದರು. ಗರ್ರ್... ತಿರುಗಿತು! ಹುಡುಗಿಯರು ಚಪ್ಪಾಳೆ ತಟ್ಟಿದರು. ಮರುಕ್ಷಣ ಸೂರಿನಿಂದ ಒಣ ಎಲೆ, ಧೂಳು, ಒಂದು ಸತ್ತ ಜೇಡ ಎಲ್ಲ ಮೇಕಪ್‌ಮ್ಯಾನ್ ತಲೆಯ ಮೇಲೆ ಪುಷ್ಪವೃಷ್ಟಿ! ಫ್ಯಾನು ತಿರುಗುಮುರುಗಾಗಿ ಸುತ್ತುತ್ತಿತ್ತು. ಮೇಷ್ಟ್ರು ನಗಲಿಲ್ಲ. ಕೆಂಪು ತಂತಿಯ ಜಾಗಕ್ಕೆ ಕರಿ, ಕರಿಯ ಜಾಗಕ್ಕೆ ಕೆಂಪು ಕೊಟ್ಟರು. ಬ್ಯಾಟರಿ ಕರೆಂಟಿನ ಇಂಥ ಮೋಟಾರಿಗೆ ತಂತಿ ಅದಲುಬದಲು ಮಾಡಿದರೆ ತಿರುಗುವ ದಿಕ್ಕೇ ಬದಲಾಗುತ್ತದೆ. ಒಂದು ತುಂಡು ಕಾಗದ ಹಿಡಿದರು. ಅದು ಮೇಲಕ್ಕೆ ಹೀರಿಕೊಂಡು ಪರದೆಗೆ ಅಂಟಿತು. “ಈಗ ನೆರಳಿನ ಕಡೆ ಕಿಟಕಿ ನಾಲ್ಕು ಬೆಳ್ಳು ತೆಗೀರಮ್ಮ. ಗಾಳಿ ಬರಾಕೆ ಬಾಗ್ಲು ಇಲ್ದಿದ್ರೆ ಫ್ಯಾನು ಸುಮ್ನೆ ಅರಚ್ತದೆ.”

ಇನ್ನೊಂದು ಕೆಲಸ ಬಾಕಿ: ಸೂರು. ಬಿಸಿಲು ತಿಂದು ಪ್ಲಾಸ್ಟಿಕ್ ಮುಚ್ಚಳ ಹಪ್ಪಳವಾಗಿತ್ತು, ಮುಟ್ಟಿದರೆ ಪುಡಿ. ಸುತ್ತ ಯಾರೋ ಸಿಲಿಕೋನ್ ಮೇಲೆ ಸಿಲಿಕೋನ್ ಬಳಿದಿದ್ದರು. ಸಿಲಿಕೋನಿನ ಮೇಲೆ ಮುಂದೆ ಬೇರೇನೂ ಹಿಡಿಯುವುದಿಲ್ಲ, ಅದೂ ಅಂಚಿನಿಂದ ಸಿಪ್ಪೆಯಂತೆ ಏಳುತ್ತದೆ ಎಂದು ಮೇಷ್ಟ್ರು ಅಷ್ಟನ್ನೂ ಹೆರೆದು, ಥಿನ್ನರ್ ಬಟ್ಟೆಯಲ್ಲಿ ಒರೆಸಿದರು. ಕಾರಿನ ಗಾಜು ಕೂರಿಸುವವರು ಬಳಸುವ, ಕರಿ ಜೇಡಿಮಣ್ಣಿನಂಥ ಬ್ಯೂಟೈಲ್ ಪಟ್ಟಿಯನ್ನು ಚೌಕಟ್ಟಿನ ಕೆಳಗೆ ಸುತ್ತಲೂ ಇಟ್ಟು, ಅಂಚಿನಿಂದ ಅದು ಸ್ವಲ್ಪ ಉಕ್ಕುವವರೆಗೆ ಸ್ಕ್ರೂ ಬಿಗಿದರು. ಒಂದೊಂದು ಸ್ಕ್ರೂ ತಲೆಯ ಮೇಲೂ ಸೀಲರ್ ಬೊಟ್ಟು.

ಮುಚ್ಚಳ ಎಲ್ಲಿಂದ ತರುವುದು? ಒಂಬತ್ತೂವರೆ ಆಗಿತ್ತು. ಅಮ್ಮನೇ ದಾರಿ ತೋರಿಸಿದರು. ತಿಂಡಿ ತಂದಿದ್ದ ಅಲ್ಯೂಮಿನಿಯಂ ಟ್ರೇ ಎತ್ತಿ ಹಿಡಿದು, “ಇದನ್ನ ಬೋರಲು ಹಾಕಿದ್ರೆ ಆಗಲ್ವೇನಪ್ಪಾ?” ಅಂದರು. ಪುಳಿಯೋಗರೆಯ ಟ್ರೇ! ಅಂಚು ಆಗಲೇ ಕೆಳಕ್ಕೆ ಮಡಿಸಿದ್ದು, ಅಳತೆಗೆ ಎರಡು ಅಂಗುಲ ದೊಡ್ಡದು. ಮೇಷ್ಟ್ರು ಅದಕ್ಕೆ ಎರಡು ಬಾಗಿಲು ತಿರುಗಣೆ ರಿವಿಟ್ ಮಾಡಿ, ತಿರುಗಣೆಯನ್ನು ಗಾಡಿಯ ಮುಂಭಾಗಕ್ಕೂ ತೆರೆಯುವ ಬಾಯನ್ನು ಹಿಂಭಾಗಕ್ಕೂ ಇಟ್ಟರು. ಗಾಡಿ ಓಡುವಾಗ ಎದುರುಗಾಳಿ ಮುಚ್ಚಳವನ್ನು ಕಿತ್ತೊಯ್ಯದೆ ಒತ್ತಿ ಮುಚ್ಚಲಿ ಎಂದು.

ಹತ್ತು ಗಂಟೆಗೆ ಮ್ಯಾನೇಜರ್ ಒಳಗೆ ಬಂದರು. ಐದು ನಿಮಿಷ ನಿಂತರು. ಏನೂ ಅನ್ನಲಿಲ್ಲ. ಹೊರಗೆ ಹೋಗಿ “ಲೇಡೀಸ್ ಬೇಗ ರೆಡಿ ಆಗ್ಲಿ” ಅಂದರು. ಗಾಡಿ ಉಳಿಯಿತು!

ಭರಣಿ ಮಳೆ

ಸಾಮಾನು, ಕೂಲಿ ಎಲ್ಲ ಸೇರಿ 2,350 ರೂಪಾಯಿ. ಮೇಷ್ಟ್ರ ಹತ್ತಿರ ಬಿಲ್ ಪುಸ್ತಕ ಇರಲಿಲ್ಲ. ಬಿಲ್ ಇಲ್ಲದೆ ಕಂಪನಿ ಕೊಡುವುದಿಲ್ಲ ಅಂದಿತು. ಅಮ್ಮ ಸಾವಿರ ಕೊಟ್ಟರು. ಹುಡುಗಿಯರು ತಲಾ ಐವತ್ತರಂತೆ ಆರುನೂರು ಕೂಡಿಸಿದರು. ಮಿಕ್ಕದ್ದು ಡ್ರೈವರಣ್ಣನದು. ನಾನು ಒಂದು ನೂರು ಚಾಚಿದೆ; “ನಿಮಗೇ ಬಸ್ ಚಾರ್ಜಿಗೆ ಇಲ್ಲ, ಇಟ್ಕಳಿ” ಅಂದುಬಿಟ್ಟ. ಮೇಷ್ಟ್ರು ಅಮ್ಮನ ಜೊತೆ ಒಂದು ಫೋಟೊ ತೆಗೆಸಿಕೊಂಡರು. ಬೆವರಿನ ಅಂಗಿ ತೊಟ್ಟೇ, ಕೈಕಟ್ಟಿ, ಶಾಲೆಯ ಹುಡುಗನ ಹಾಗೆ ನಿಂತಿದ್ದರು.

ಸಂಜೆ ನಾಲ್ಕಕ್ಕೆ ಬಡಗಣ ಕಡೆಯಿಂದ ಮೋಡ ಕವಿಯಿತು. ಭರಣಿ ಮಳೆ! ರಾಯಗೋಪುರದ ಬಂಡೆಯ ಮೇಲೆ ಆನೆಕಲ್ಲಿನಂಥ ಹನಿಗಳು. ಕ್ಯಾಮರಾಗೆ ತಾಡಪಾಲು, ಹೀರೋಗೆ ಕೊಡೆ. ಹನ್ನೆರಡು ಹುಡುಗಿಯರು ಬಾಡಿಗೆ ಲಂಗಗಳನ್ನು ಎತ್ತಿ ಹಿಡಿದು ಓಡಿದರು. ಬಟ್ಟೆ ನೆನೆದರೆ ಅದರ ದುಡ್ಡೂ ಅವರ ಕೂಲಿಯಲ್ಲೇ ಮುರಿಯುತ್ತಾರೆ. ಎಲ್ಲರೂ ಹಿಂದಿನ ಕೋಣೆಗೆ ನುಗ್ಗಿದರು. ಡ್ರೈವರಣ್ಣ ಸ್ಟೂಲು ಹತ್ತಿ ಚೌಕಟ್ಟಿನ ಸುತ್ತ ಅಂಗೈ ಸವರುತ್ತಾ ನಿಂತ. ಮೇಲೆ ಪುಳಿಯೋಗರೆ ಟ್ರೇ ತಮಟೆಯಂತೆ ಬಡಿದುಕೊಳ್ಳುತ್ತಿತ್ತು. ಐದು ನಿಮಿಷ... ಹತ್ತು ನಿಮಿಷ... ಅಂಗೈ ಒಣಗಿತ್ತು!

“ಒಂದ್ ತೊಟ್ಟೂ ಇಲ್ಲ” ಅಂದ.

ಅಮ್ಮ ಕನ್ನಡಿಯ ಮುಂದೆ ಟೋಪನ್ ತೆಗೆದು ಕೂತಿದ್ದರು. ಅವರ ಸ್ವಂತ ಕೂದಲೂ ಬೆಳ್ಳಗೇ ಇತ್ತು. “ನನ್ನ ಮೊದಲನೇ ಪಿಕ್ಚರ್ ಔಟ್‌ಡೋರ್‌ನಲ್ಲಿ ಮಳೆ ಬಂದಾಗ ಎತ್ತಿನಗಾಡಿ ಕೆಳಗೆ ಕೂತಿದ್ವಿ, ಆರು ಜನ” ಅಂದರು. ಹುಡುಗಿಯರು ನಕ್ಕರು. ಅಮ್ಮನೂ ನಕ್ಕರು.

ರಾತ್ರಿ ಮೈಸೂರಿನ ಕಡೆಯ ಬಸ್ಸು ಹಿಡಿದೆ. ವ್ಯಾನಿನ ಮಾಲೀಕರು ಸಂಬಳ ಹಿಡಿದರೋ ಬಿಟ್ಟರೋ ಎಂದು ಜೂನ್‌ನಲ್ಲಿ ಡ್ರೈವರಣ್ಣನಿಗೆ ಫೋನು ಮಾಡಿದೆ. “ಹಿಡೀಲಿಲ್ಲ ಅಣ್ಣ. ಫೀಜ್ ಕಟ್ದೆ. ಆದ್ರೆ ಟ್ರೇ ತೆಗ್ದು ಚೆಂದಾಗಿರೋ ಮುಚ್ಚಳ ಹಾಕು ಅಂತಾವ್ರೆ. ನಾನು ತೆಗೀತಿಲ್ಲ” ಅಂದ.

ಮಿತ್ರರೇ, ಆ ಚಿತ್ರ ನಿಮ್ಮೂರಿಗೆ ಬಂದಾಗ ಮೇಲುಕೋಟೆಯ ಹಾಡಿಗೆ ಶಿಳ್ಳೆ ಹೊಡೆಯುವಿರಿ. ಹೊಡೆಯಿರಿ! ಹೀರೋ ಹಿಂದೆ ಎರಡನೇ ಸಾಲಿನಲ್ಲಿ, ನೆನೆಯದ ಹಸಿರು ಲಂಗದಲ್ಲಿ ಹನ್ನೆರಡು ಹುಡುಗಿಯರು ಕುಣಿಯುತ್ತಾರೆ. ಒಂದು ಶಿಳ್ಳೆ ಅವರಿಗೂ ಇರಲಿ.